ಹೊಡೆದುಹಾಕಿದ ಸೋಡಿಯಂ

ಮೂಡಲಗಿ ಕಡೆ ಹೆಣ್ಣುಮಕ್ಕಳು ನೀರಿನಲ್ಲಿ ಎರಡು ಜಾತಿ ಮಾಡುತ್ತಾರೆ. ಒಂದು ಸೀ ನೀರು, ಇನ್ನೊಂದು ಸವಳ ನೀರು. ಸೀ ನೀರಿನಲ್ಲಿ ಬ್ಯಾಳಿ ಬೇಗ ಬೇಯುತ್ತದೆ, ಸಾಬೂನು ನೊರೆ ಬಿಡುತ್ತದೆ. ಸವಳ ನೀರಿನಲ್ಲಿ ಬ್ಯಾಳಿ ಎಷ್ಟು ಕುದಿಸಿದರೂ ಗಟ್ಟಿ, ಸಾಬೂನು ನೊರೆಯಾಗದೆ ಬಿಳಿ ಗಸಿಯಾಗಿ ಬಟ್ಟೆಗೆ ಹತ್ತುತ್ತದೆ, ನೀರು ಕಾಸುವ ಹಂಡೆಯ ಒಳಗೆ ಪದರು ಕಟ್ಟುತ್ತದೆ. ನಮ್ಮವ್ವ ಒಂದು ಗುಟುಕು ಬಾಯಿಗೆ ಹಾಕಿಕೊಂಡು ನೀರಿನ ಜಾತಿ ಹೇಳುತ್ತಿದ್ದಳು. ಆ ಗಸಿಯೂ ಆ ಪದರೂ ಪ್ರಕ್ಷೇಪಗಳು, ಎರಡನ್ನೂ ಒಂದೊಂದೇ ಸಾಲಿನಲ್ಲಿ ಬರೆಯಬಹುದು ಎಂದು ನನಗೆ ತಿಳಿದದ್ದು ಪಿಯುಸಿಗೆ ಬಂದ ಮೇಲೆ. ಹಾಗೆ ಬರೆಯುವ ಸಾಲಿಗೆ ನಿವ್ವಳ ಅಯಾನಿಕ ಸಮೀಕರಣ ಎನ್ನುತ್ತಾರೆ. ಮುಂದೆ ಅದನ್ನು ಕಲಿಸುವುದೇ ನನ್ನ ಉದ್ಯೋಗವಾಯಿತು. ಆದರೆ ಅದರ ಪೂರ್ತಿ ಅರ್ಥ ನನಗೆ ಆದದ್ದು ಕ್ಲಾಸಿನಲ್ಲಲ್ಲ, ನಮ್ಮ ಹೊಲದ ಬದುವಿನ ಮೇಲೆ, ಅಪ್ಪ ಕೇಳಿದ ಒಂದು ಪ್ರಶ್ನೆಯಿಂದ.

ನಾನು ಪಿಯುಸಿ ಓದಿದ್ದು 1990ರ ಆಸುಪಾಸು. ಆಗ ಮೂಡಲಗಿ ಗೋಕಾಕ ತಾಲ್ಲೂಕಿನಲ್ಲೇ ಇತ್ತು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿದ ಹಳ್ಳಿ ಹುಡುಗರು ವಿಜ್ಞಾನ ವಿಭಾಗಕ್ಕೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷು. ಥಿಯರಿ ತಾಸುಗಳಲ್ಲಿ ನಾವು ಬೋರ್ಡು ನೋಡಿ ಬರೆದುಕೊಳ್ಳುವುದರಲ್ಲೇ ಸುಸ್ತಾಗುತ್ತಿದ್ದೆವು. ಪ್ರ್ಯಾಕ್ಟಿಕಲ್ಲಿನಲ್ಲಿ ಮಾತ್ರ ಜೀವ ಬರುತ್ತಿತ್ತು. ಅಲ್ಲಿ ಕಣ್ಣಿಗೆ ಕಾಣುವುದಕ್ಕೆ ಭಾಷೆಯ ಹಂಗಿರಲಿಲ್ಲ. ಲೆಡ್ ನೈಟ್ರೇಟಿಗೆ ಪೊಟ್ಯಾಶಿಯಂ ಅಯೊಡೈಡ್ ಹನಿಸಿದರೆ ಅಚ್ಚ ಹಳದಿ ಇಳಿಯುತ್ತದೆ. ಅದನ್ನು ನೀರಿನೊಂದಿಗೆ ಕುದಿಸಿದರೆ ಕರಗಿ ಬಣ್ಣವೇ ಇಲ್ಲದಂತಾಗುತ್ತದೆ. ಆರಲು ಬಿಟ್ಟರೆ ಬಂಗಾರದ ಬಣ್ಣದ ಹರಳುಗಳು ಮಿರಮಿರ ಮಿಂಚುತ್ತ ಕೆಳಗಿಳಿಯುತ್ತವೆ. ಅದನ್ನು ನೋಡಿದ ಹುಡುಗ ಕೆಮಿಸ್ಟ್ರಿ ಬಿಡುವುದು ಕಷ್ಟ. ನಾನೂ ಬಿಡಲಿಲ್ಲ.

ನಮ್ಮ ಕೆಮಿಸ್ಟ್ರಿ ಸರ್ ಸಿಲ್ವರ್ ನೈಟ್ರೇಟಿನ ಕಂದು ಬಾಟಲಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಬೆಳ್ಳಿಯ ಲವಣ, ತುಟ್ಟಿ ಸಾಮಾನು. ಬೆಳಕಿಗೆ ಕೆಡುತ್ತದೆ, ಬೆರಳಿಗೆ ತಾಗಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ಒಂದು ದಿನ ಅವರು ಟೇಬಲ್ಲಿನ ಮೇಲೆ ಟೆಸ್ಟ್‌ಟ್ಯೂಬುಗಳ ಸಾಲು ನಿಲ್ಲಿಸಿದರು. ಮೊದಲನೆಯದರಲ್ಲಿ ಡಿಸ್ಟಿಲ್ಡ್ ವಾಟರ್. ಮುಂದಿನವುಗಳಲ್ಲಿ ಅಡಿಗೆ ಉಪ್ಪಿನ ನೀರು, ಮೆಗ್ನೀಶಿಯಂ ಕ್ಲೋರೈಡ್, ಬೇರಿಯಂ ಕ್ಲೋರೈಡ್, ಕೊನೆಯದರಲ್ಲಿ ಕಾಲೇಜಿನ ಟಾಕಿಯ ಬೋರಿನ ನೀರು. ಎಲ್ಲಕ್ಕೂ ಒಂದೆರಡು ಹನಿ ತೆಳು ನೈಟ್ರಿಕ್ ಆಮ್ಲ, ಮೇಲೆ ಒಂದೊಂದೇ ಹನಿ ಸಿಲ್ವರ್ ನೈಟ್ರೇಟ್. ಮೊದಲನೆಯದು ತಿಳಿಯಾಗಿಯೇ ಉಳಿಯಿತು. ಮಿಕ್ಕೆಲ್ಲದರಲ್ಲೂ ಬಿಳಿ ಇಳಿಯಿತು. ಬೋರಿನ ನೀರಿನಲ್ಲಿ ಸ್ವಲ್ಪ ತೆಳ್ಳಗೆ, ಆದರೂ ಬಿಳಿಯೇ. ಅಡಿಗೆ ಉಪ್ಪಿನ ನೀರಿನದಕ್ಕೆ ಅಮೋನಿಯಾ ಹಾಕಿದಾಗ ಆ ಬಿಳಿ ಕರಗಿತು.

“ಈಗ ಹೇಳ್ರಿ. ಬೋರಿನ ನೀರಾಗ ಯಾವ ಕ್ಲೋರೈಡ್ ಐತಿ? ಸೋಡಿಯಂದೋ, ಕ್ಯಾಲ್ಸಿಯಂದೋ, ಮೆಗ್ನೀಶಿಯಂದೋ?”

ಯಾರೂ ಬಾಯಿ ಬಿಡಲಿಲ್ಲ.

“ಗೊತ್ತಾಗಂಗಿಲ್ಲ. ಗೊತ್ತಾಗೋ ಜರೂರೂ ಇಲ್ಲ. ಬೆಳ್ಳಿಗೆ ಬೇಕಾಗಿದ್ದು ಕ್ಲೋರೈಡ್ ಅಷ್ಟ. ಅದು ಯಾರ ಜೋಡಿ ಬಂದಿತ್ತು ಅಂತ ಬೆಳ್ಳಿ ಕೇಳಂಗಿಲ್ಲ.”

ಆಮೇಲೆ ಬೋರ್ಡಿನ ಮೇಲೆ, ಲವಣ ಯಾವುದೆಂದು ಗೊತ್ತಿದ್ದ ಪ್ರತಿಯೊಂದು ಟೆಸ್ಟ್‌ಟ್ಯೂಬಿಗೂ ಒಂದು ಉದ್ದನೆಯ ಸಮೀಕರಣ ಬರೆದರು. ನೀರಿನಲ್ಲಿ ಕರಗಿದ ಲವಣಗಳನ್ನು ಅಯಾನುಗಳಾಗಿ ಬಿಡಿಸಿದರು. ಬಾಣದ ಎಡಕ್ಕೂ ಬಲಕ್ಕೂ ಬದಲಾಗದೆ ನಿಂತಿದ್ದ ಸೋಡಿಯಂ, ಮೆಗ್ನೀಶಿಯಂ, ಬೇರಿಯಂ, ನೈಟ್ರೇಟುಗಳನ್ನು ಅಡ್ಡಗೆರೆ ಎಳೆದು ಹೊಡೆದರು. ಎಲ್ಲ ಉದ್ದನೆಯ ಸಾಲುಗಳ ಕೆಳಗೂ ಒಂದೇ ಸಾಲು ಉಳಿಯಿತು:

ಸಿಲ್ವರ್ ಅಯಾನು + ಕ್ಲೋರೈಡ್ ಅಯಾನು → ಸಿಲ್ವರ್ ಕ್ಲೋರೈಡ್ (ಪ್ರಕ್ಷೇಪ)

ಹೊಡೆದವುಗಳಿಗೆ ಪ್ರೇಕ್ಷಕ ಅಯಾನುಗಳು ಎಂದು ಹೆಸರು. ಸರ್ ಅದಕ್ಕೆ ಜಾತ್ರೆಯ ಕುಸ್ತಿಯನ್ನೇ ಹಿಡಿದರು. ಕಣದ ಸುತ್ತ ಸಾವಿರ ಮಂದಿ ಕೂತಿದ್ದರೂ ಮಣ್ಣಿನಲ್ಲಿ ಸೆಣಸುವವರು ಇಬ್ಬರೇ. ಮರುದಿನ ಊರಲ್ಲಿ ಹೇಳುವುದೂ ಅವರಿಬ್ಬರ ಹೆಸರೇ. ಬೆಳಗಾವಿ ಸೀಮೆಯ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಅದೇ ವಾರ ಇನ್ನೊಂದು ತೋರಿಸಿದರು. ಕ್ಲೋರೊಫಾರ್ಮಿನಲ್ಲಿ ಕ್ಲೋರಿನ್ ಇದೆ, ಸಿಲ್ವರ್ ನೈಟ್ರೇಟ್ ಹಾಕಿದರೆ ಏನೂ ಇಳಿಯಲಿಲ್ಲ. ಪೊಟ್ಯಾಶಿಯಂ ಕ್ಲೋರೇಟಿನಲ್ಲೂ ಕ್ಲೋರಿನ್ ಇದೆ, ಅದಕ್ಕೂ ಇಳಿಯಲಿಲ್ಲ. ಸೂತ್ರದಲ್ಲಿ ಕ್ಲೋರಿನ್ ಇದ್ದರೆ ಸಾಲದು, ನೀರಿನಲ್ಲಿ ಅದು ಕ್ಲೋರೈಡ್ ಅಯಾನಾಗಿ ಬಿಡಿಯಾಗಿ ತಿರುಗಾಡುತ್ತಿರಬೇಕು. ಈ ಮಾತನ್ನು ಜಗತ್ತು ಒಪ್ಪಿಕೊಂಡದ್ದು ಸುಲಭವಾಗಿಯಲ್ಲ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಬಂಧಕ್ಕೆ ಪರೀಕ್ಷಕರು ಕೆಳಗಿನ ದರ್ಜೆ ಕೊಟ್ಟು ಕೈತೊಳೆದುಕೊಂಡರು. ಲವಣ ನೀರಿಗೆ ಬಿದ್ದರೆ ವಿದ್ಯುದಾವೇಶವುಳ್ಳ ತುಣುಕುಗಳಾಗಿ ಒಡೆದಿರುತ್ತದೆ ಎಂಬ ಅವರ ವಿಚಾರ ಬೆಳೆದು ನಿಂತು, ಅದೇ ಕೆಲಸಕ್ಕೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಡುವೆ 1894ರಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಲವಣಗಳ ಗುಣವಿಶ್ಲೇಷಣೆಯನ್ನೆಲ್ಲ ಅಯಾನುಗಳ ಲೆಕ್ಕದಲ್ಲಿ ಕಟ್ಟಿ ಪುಸ್ತಕ ಬರೆದರು. ಅಲ್ಲಿಯವರೆಗೆ ಯಾವ ಲವಣಕ್ಕೆ ಯಾವುದನ್ನು ಹಾಕಿದರೆ ಯಾವ ಬಣ್ಣ ಎಂಬುದು ಬಾಯಿಪಾಠದ ವಿದ್ಯೆ. ಅಯಾನು ಬಂದ ಮೇಲೆ ನೂರು ಲವಣಗಳ ಬಾಯಿಪಾಠ ಬೆರಳೆಣಿಕೆಯ ಸಾಲುಗಳಿಗೆ ಇಳಿಯಿತು. ಹಳ್ಳಿಯಿಂದ ಬಂದು ಇಂಗ್ಲಿಷಿಗೆ ಹೆದರಿದ್ದ ನಮಗೆ ಇದೊಂದು ದೊಡ್ಡ ಆಸರೆ. ಉರು ಹೊಡೆಯುವುದು ಕಡಿಮೆಯಾಯಿತು, ಯೋಚಿಸುವುದು ಶುರುವಾಯಿತು.

ಬರೆಯುವ ಕ್ರಮವನ್ನು ನಾನು ಈಗಲೂ ಅದೇ ಸರದಿಯಲ್ಲಿ ಕಲಿಸುತ್ತೇನೆ. ಮೊದಲು ಇಡೀ ಸಮೀಕರಣ ಬರೆದು ಸರಿದೂಗಿಸಬೇಕು. ಯಾವುದು ಕರಗಿದೆ, ಯಾವುದು ಇಳಿದಿದೆ ಎಂದು ಪಕ್ಕದಲ್ಲಿ ಗುರುತು ಹಾಕಬೇಕು. ಚೆನ್ನಾಗಿ ಕರಗಿ ಅಯಾನಾಗುವುದನ್ನು ಮಾತ್ರ ಬಿಡಿಸಬೇಕು; ಪ್ರಕ್ಷೇಪವನ್ನು, ಅನಿಲವನ್ನು, ನೀರನ್ನು, ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲವನ್ನು ಬಿಡಿಸಬಾರದು. ಎರಡೂ ಕಡೆ ಒಂದೇ ರೂಪದಲ್ಲಿರುವುದನ್ನು ಹೊಡೆಯಬೇಕು. ಕೊನೆಗೆ ಪರಮಾಣುಗಳನ್ನಷ್ಟೇ ಅಲ್ಲದೆ ಆವೇಶವನ್ನೂ ಕೂಡಿಸಿ ನೋಡಬೇಕು. ಅಲ್ಯುಮಿನಿಯಂ ಕ್ಲೋರೈಡಿಗೆ ಮೂರು ಸಿಲ್ವರ್ ನೈಟ್ರೇಟ್ ಬೇಕು, ಆದರೆ ಹೊಡೆದು ಮುಗಿಸಿದ ಮೇಲೆ ಎಲ್ಲದರ ಹಿಂದೆಯೂ ಮೂರೇ ಉಳಿಯುವುದರಿಂದ ಭಾಗಿಸಬೇಕು. ಸಿಗುವುದು ಅದೇ ಹಳೆಯ ಒಂದು ಸಾಲು. ಅಡಿಗೆ ಉಪ್ಪಿಗೆ ಪೊಟ್ಯಾಶಿಯಂ ನೈಟ್ರೇಟ್ ಬೆರೆಸಿದ ಲೆಕ್ಕ ಕೊಟ್ಟರೆ ಎಲ್ಲವೂ ಹೊಡೆದುಹೋಗಿ ಬಾಣವೊಂದೇ ಉಳಿಯುತ್ತದೆ. ಮಕ್ಕಳು ಗಾಬರಿಯಾಗುತ್ತಾರೆ. ಅಲ್ಲಿ ಕ್ರಿಯೆಯೇ ನಡೆದಿಲ್ಲ ಎಂಬುದೇ ಉತ್ತರ. ಮೆಗ್ನೀಶಿಯಂ ಸಲ್ಫೇಟಿಗೆ ಬೇರಿಯಂ ಹೈಡ್ರಾಕ್ಸೈಡ್ ಹಾಕಿದರೆ ಇದರ ಉಲ್ಟಾ: ಎರಡು ಪ್ರಕ್ಷೇಪಗಳು ಒಟ್ಟಿಗೇ ಇಳಿಯುತ್ತವೆ, ಹೊಡೆಯಲು ಒಂದೂ ಸಿಗುವುದಿಲ್ಲ.

ಪಿಯುಸಿಯ ದಿನಗಳಲ್ಲಿ ರಜೆಗೆ ಊರಿಗೆ ಹೋದಾಗಲೂ ಈ ಕಣ್ಣು ಮುಚ್ಚಿಕೊಳ್ಳಲಿಲ್ಲ. ನಮ್ಮ ಕಾಕಾನ ಗಾಣದಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುತ್ತಿದ್ದಂತೆ ಬೆಂಡೆಗಿಡದ ಲೋಳೆ ಬಿಡುತ್ತಿದ್ದರು, ಲೆಕ್ಕ ನೋಡಿ ಸುಣ್ಣದ ತಿಳಿ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಕರ್ರಗಿನ ಹೊಲಸು ಗಂಟುಗಟ್ಟಿ ಮೇಲೆ ಬರುತ್ತಿತ್ತು, ಕಾಕಾ ಜಾಲರಿಯಿಂದ ತೆಗೆದು ಚೆಲ್ಲುತ್ತಿದ್ದ. ಸುಣ್ಣದ ಕ್ಯಾಲ್ಸಿಯಂ ಹಾಲಿನೊಳಗಿನ ಫಾಸ್ಫೇಟನ್ನು ಹಿಡಿದು ಕ್ಯಾಲ್ಸಿಯಂ ಫಾಸ್ಫೇಟಾಗಿ ಗಟ್ಟಿಯಾಗುತ್ತದೆ. ಹಾಗಾಗುವಾಗ ಬಣ್ಣವನ್ನೂ ಕೊಳೆಯನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಬಣ್ಣ ನೋಡಿಯೇ ದರ ಹೇಳುತ್ತಾರೆ, ಆ ಬಣ್ಣದ ಹಿಂದೆ ಈ ಒಂದು ಸಾಲು ಇದೆ.

ಸಕ್ಕರೆ ಕಾರ್ಖಾನೆಯಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆಯುತ್ತದೆ. ನಮ್ಮ ದೇಶದಲ್ಲಿ ಬಿಳಿ ಸಕ್ಕರೆ ಮಾಡುವ ಕಾರ್ಖಾನೆಗಳಲ್ಲಿ ಹೆಚ್ಚಿನವು ಕಾದ ರಸಕ್ಕೆ ಸುಣ್ಣದ ಹಾಲು ಬಿಟ್ಟು, ಗಂಧಕ ಸುಟ್ಟು ಬಂದ ಅನಿಲ ಹಾಯಿಸುತ್ತವೆ. ಕ್ಯಾಲ್ಸಿಯಂ ಅಯಾನು ಸಲ್ಫೈಟ್ ಅಯಾನಿನೊಂದಿಗೆ ಕೂಡಿ ಪ್ರಕ್ಷೇಪವಾಗಿ ತಳ ಸೇರುತ್ತದೆ, ಮೇಲೆ ತಿಳಿ ರಸ ಉಳಿಯುತ್ತದೆ. ತಳದ ಗಸಿಯನ್ನು ಸೋಸಿ ತೆಗೆದದ್ದೇ ರೈತರು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯುವ ಪ್ರೆಸ್‌ಮಡ್. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಗೆ, ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆಗೆ ಕಬ್ಬು ಕಳಿಸುವ ಮನೆಗಳ ಮಕ್ಕಳಿಗೆ ಪಾಠ ಹೇಳುವಾಗ ನಾನು ಈ ಉದಾಹರಣೆಯನ್ನು ಎಂದೂ ಬಿಟ್ಟಿಲ್ಲ.

ನಮ್ಮ ಹೊಲದ ಮಾತು ಇನ್ನು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿದ್ದದ್ದು 19ನೇ ಶತಮಾನದ ಕೊನೆಗೆ. ಮುಂದೆ ಹಿಡಕಲ್ಲಿನಲ್ಲಿ ಜಲಾಶಯವಾಯಿತು, ಎಡದಂಡೆ ಕಾಲುವೆ ನಮ್ಮ ಎರೆಭೂಮಿಗಳಿಗೆಲ್ಲ ನೀರು ತಂದಿತು. ಜೋಳ, ಸದಕ ಗೋಧಿ, ಕಡಲೆ ಇದ್ದಲ್ಲಿ ಕಬ್ಬು ಬಂತು. ಮಕ್ಕಳು ಕಾಲೇಜು ಕಂಡದ್ದು ಆ ಕಬ್ಬಿನಿಂದಲೇ. ಆದರೆ ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಹಾಯಿಸಿದ್ದು ಹೆಚ್ಚಾಗಿ, ಬಸಿದು ಹೋಗಲು ದಾರಿ ಕಡಿಮೆಯಾದಾಗ ಒಳಗಿನ ನೀರು ಮೇಲಕ್ಕೇರುತ್ತದೆ. ಬಿಸಿಲಿಗೆ ನೀರು ಆರಿ, ಅದು ಹೊತ್ತು ತಂದ ಉಪ್ಪು ಮೇಲೆಯೇ ಕೂರುತ್ತದೆ. ಇಂಥ ನೆಲಕ್ಕೆ ಸವಳು-ಜವಳು ಎನ್ನುತ್ತಾರೆ. ನಮ್ಮ ಹಳ್ಳದ ದಂಡೆಯ ಪಟ್ಟಿಯಲ್ಲೂ ಬ್ಯಾಸಿಗೆ ಬಂತೆಂದರೆ ಬಿಳುಪು ಕಾಣತೊಡಗಿತು. ಕಬ್ಬು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಲ್ಲುತ್ತಿತ್ತು. ಮಳೆಯಾದರೆ ನೀರು ಇಂಗದೆ ದಿನಗಟ್ಟಲೆ ನಿಲ್ಲುತ್ತಿತ್ತು, ಒಣಗಿದರೆ ಹೆಂಟೆ ಕಲ್ಲಾಗುತ್ತಿತ್ತು.

ಮಣ್ಣು ಪರೀಕ್ಷೆಯ ಚೀಟಿ ಬಂದಾಗ ಪಿಎಚ್ 9 ದಾಟಿತ್ತು. ಜಿಪ್ಸಂ ಹಾಕಿರಿ, ಬಸಿಗಾಲುವೆ ತೆಗೆಯಿರಿ ಎಂದು ಬರೆದಿದ್ದರು. ಆ ಹೊತ್ತಿಗೆ ನಾನು ಕಲಿಸುವ ಕೆಲಸಕ್ಕೆ ಸೇರಿದ್ದೆ. ಜಿಪ್ಸಂ ಚೀಲ ಬಂದ ದಿನ ತಮ್ಮ, ಅಪ್ಪ, ನಾನು ಬದುವಿನ ಮೇಲೆ ಕೂತಿದ್ದೆವು. ಈ ಬಿಳಿ ಹಿಟ್ಟು ಏನು ಮಾಡುತ್ತದೆ ಎಂದು ಅಪ್ಪ ಕೇಳಿದರು. ಚೀಟಿಯ ಹಿಂಬದಿಗೆ ಬರೆದು ತೋರಿಸಿದೆ.

ಇಂಥ ಮಣ್ಣಿನ ನೀರಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಒಂದು ಲೀಟರ್ ನೀರಿನಲ್ಲಿ ಅದು ಸುಮಾರು ಎರಡೂವರೆ ಗ್ರಾಂ ಕರಗುತ್ತದೆ. ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಶುದ್ಧ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಮೂ ಕರಗುವುದಿಲ್ಲ. ಹೀಗೆ ನೂರು ಪಟ್ಟಿಗೂ ಮಿಕ್ಕ ಅಂತರವಿರುವುದರಿಂದ ಜಿಪ್ಸಂ ಕರಗುತ್ತ ಹೋಗುತ್ತದೆ, ಅದರ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಇಳಿಯುತ್ತ ಹೋಗುತ್ತದೆ:

ಕ್ಯಾಲ್ಸಿಯಂ ಅಯಾನು + ಕಾರ್ಬೊನೇಟ್ ಅಯಾನು → ಕ್ಯಾಲ್ಸಿಯಂ ಕಾರ್ಬೊನೇಟ್ (ಪ್ರಕ್ಷೇಪ)

ಸವಳ ನೀರು ಕಾಸಿದ ಹಂಡೆಯಲ್ಲಿ ಪದರು ಕಟ್ಟುವುದೂ ಬಹುಮಟ್ಟಿಗೆ ಇದೇ. ಅಲ್ಲಿ ಅದು ಕಾಟ, ಹೊಲದಲ್ಲಿ ಉಪಕಾರ. ಕಾರ್ಬೊನೇಟ್ ಹೋದಂತೆ ಪಿಎಚ್ ಇಳಿಯುತ್ತದೆ. ಇನ್ನೊಂದು ಕಡೆ, ಜೇಡಿಯ ಕಣಗಳಿಗೆ ಅಂಟಿಕೊಂಡ ಸೋಡಿಯಮ್ಮನ್ನು ಕ್ಯಾಲ್ಸಿಯಂ ಎಬ್ಬಿಸಿ ತಾನು ಕೂರುತ್ತದೆ. ಒಂದು ಕ್ಯಾಲ್ಸಿಯಂ ಬಂದರೆ ಎರಡು ಸೋಡಿಯಂ ಎದ್ದು ನೀರಿಗೆ ಬರುತ್ತವೆ. ಸೋಡಿಯಂ ಹಿಡಿದಿದ್ದಾಗ ಚದುರಿ ರಂಧ್ರ ಮುಚ್ಚುತ್ತಿದ್ದ ಜೇಡಿ ಕ್ಯಾಲ್ಸಿಯಂ ಬಂದಾಗ ಗಂಟುಗೂಡುತ್ತದೆ, ನೀರು ಇಂಗಲು ಸಂದು ಸಿಗುತ್ತದೆ.

ಉದ್ದನೆಯ ಸಮೀಕರಣದಲ್ಲಿ ಎರಡೂ ಕಡೆ ಇದ್ದ ಸೋಡಿಯಮ್ಮನ್ನೂ ಸಲ್ಫೇಟನ್ನೂ ನಾನು ರೂಢಿಯಂತೆ ಹೊಡೆದಿದ್ದೆ. ಅಪ್ಪ ಬೆರಳು ಅಲ್ಲೇ ಇಟ್ಟರು.

“ಇದನ್ನ ಯಾಕ ಹೊಡದಿ?”

“ಅದು ಕ್ರಿಯೆಯೊಳಗ ಬರಂಗಿಲ್ಲಪ್ಪಾ. ಮೊದಲ ಹೆಂಗಿತ್ತೋ ಹಂಗ ಉಳಿತೈತಿ.”

“ಉಳಿತೈತಿ ಅಂದ್ರ ಹೊಲದಾಗ ಉಳಿತೈತಿ ಅಂದಂಗಾತು. ನಮ್ಮ ಕಬ್ಬು ಕೆಡಿಸಿದ್ದ ಅದ ಅಲ್ಲೇನು?”

ತಮ್ಮ ನನ್ನ ಮುಖ ನೋಡಿದ. ಅಪ್ಪ ಕೇಳಿದ್ದು ಸರಿಯಿತ್ತು. ಸಮೀಕರಣವೂ ಸರಿಯಿತ್ತು. ಕಾಗದದ ಮೇಲೆ ಗೆರೆ ಎಳೆದರೆ ಸೋಡಿಯಂ ಹೊಲ ಬಿಟ್ಟು ಹೋಗುವುದಿಲ್ಲ. ಪ್ರಕ್ಷೇಪವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಮಣ್ಣಿನಲ್ಲೇ ತೆಪ್ಪಗೆ ಬಿದ್ದಿರುತ್ತದೆ, ಅದರ ಚಿಂತೆಯಿಲ್ಲ. ಹೊಡೆದ ಸೋಡಿಯಂ ಸಲ್ಫೇಟ್ ಮಾತ್ರ ಸಲೀಸಾಗಿ ಕರಗುವಂಥದ್ದು, ನೀರಿನ ಜೊತೆ ಇಳಿಯಬಲ್ಲದು, ನೀರಿನ ಜೊತೆಯೇ ಮತ್ತೆ ಮೇಲೇರಲೂಬಲ್ಲದು. ಚೀಟಿಯಲ್ಲಿ ಜಿಪ್ಸಮ್ಮಿನ ಕೆಳಗೆ ಬಸಿಗಾಲುವೆ ಎಂದು ಬರೆದದ್ದು ಅದಕ್ಕೇ. ಜಿಪ್ಸಂ ಮಾಡುವುದು ನಿವ್ವಳ ಸಮೀಕರಣದ ಕೆಲಸ. ಬಸಿಗಾಲುವೆ ಮಾಡುವುದು ಹೊಡೆದ ಅಯಾನುಗಳ ಕೆಲಸ. ಎರಡರಲ್ಲಿ ಒಂದನ್ನಷ್ಟೇ ಮಾಡಿದವರ ಹೊಲ ನೆಟ್ಟಗಾಗುವುದಿಲ್ಲ.

ಆ ವರ್ಷ ಹಳ್ಳದ ಕಡೆಗೆ ಆಳವಾಗಿ ಬಸಿಗಾಲುವೆ ತೆಗೆಸಿದೆವು. ಜಿಪ್ಸಂ ಹರವಿ, ಪ್ರೆಸ್‌ಮಡ್ ಹಾಕಿ, ಮಡಿ ಕಟ್ಟಿ ಸೀ ನೀರು ನಿಲ್ಲಿಸಿ ಬಸಿದೆವು, ಹಸಿರು ಗೊಬ್ಬರಕ್ಕೆಂದು ಡಯಾಂಚಾ ಬೆಳೆದು ಮಣ್ಣಿಗೆ ಮುರಿದೆವು. ಒಂದೇ ಸುಗ್ಗಿಗೆ ಫಲ ಕಾಣಲಿಲ್ಲ. ಮೂರ್ನಾಲ್ಕು ವರ್ಷಕ್ಕೆ ಪಟ್ಟಿಯ ಬಹುಭಾಗ ಕಬ್ಬಿಗೆ ಮರಳಿತು. ಹಳ್ಳಕ್ಕೆ ಹತ್ತಿದ ಒಂದು ಮೂಲೆ ಇಂದಿಗೂ ಬಿಳುಪಾಗಿಯೇ ಇದೆ. ಬಸಿದ ನೀರಿನ ಉಪ್ಪು ಹಳ್ಳಕ್ಕೆ, ಹಳ್ಳದಿಂದ ಘಟಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ಅಪ್ಪನ ಪ್ರಶ್ನೆ ನಮ್ಮ ಬದುವಿಗೇ ನಿಲ್ಲುವಂಥದ್ದಲ್ಲ. ನೀರು ಕಡಿಮೆ ಹಾಯಿಸಿದರೆ ಬಸಿಯಬೇಕಾದದ್ದೂ ಕಡಿಮೆ, ಕೆಳಗಿನವರ ಹೊಲಕ್ಕೆ ಇಳಿಯುವುದೂ ಕಡಿಮೆ ಎಂದು ತಮ್ಮ ಹನಿ ನೀರಾವರಿಗೆ ಹೋದ.

ಆಮೇಲೆ ನನ್ನ ಪಾಠದ ರೀತಿ ಬದಲಾಯಿತು. ಬೇರಿಯಂ ಕ್ಲೋರೈಡಿಗೆ ಅಷ್ಟಕ್ಕಷ್ಟೇ ಲೆಕ್ಕದ ಸೋಡಿಯಂ ಸಲ್ಫೇಟ್ ಬೆರೆಸಲು ಹೇಳುತ್ತೇನೆ. ಬೇರಿಯಂ ಸಲ್ಫೇಟಿನ ಕಣ ಬಹಳ ಸಣ್ಣ, ಹಾಗೇ ಸೋಸಿದರೆ ಕಾಗದ ದಾಟಿ ಬರುತ್ತದೆ. ಅದಕ್ಕೆ ಬಿಸಿ ಮಾಡಿ, ಕಣ ಬಲಿಯುವವರೆಗೆ ಕಾದು, ಸಾವಕಾಶ ಸೋಸಬೇಕು. ಸಾಮಾನ್ಯವಾಗಿ ಮಕ್ಕಳು ಸೋಸುಕಾಗದದ ಮೇಲಿನ ಬಿಳಿಯನ್ನು ನೋಡಿ, ಕೆಳಗಿನ ತಿಳಿಯನ್ನು ಮೋರಿಗೆ ಚೆಲ್ಲುತ್ತಾರೆ. ನಾನು ಚೆಲ್ಲಗೊಡುವುದಿಲ್ಲ. ಆ ತಿಳಿಯ ಅರ್ಧವನ್ನು ಪಿಂಗಾಣಿ ಬಟ್ಟಲಲ್ಲಿ ಆರಿಸಿದರೆ ಅಂಚಿನ ಸುತ್ತ ಬಿಳಿ ಉಪ್ಪು ಕೂರುತ್ತದೆ. ಅದು ಸೋಡಿಯಂ ಕ್ಲೋರೈಡೇ, ಆದರೆ ಬೇರಿಯಂ ವಿಷ, ಆದ್ದರಿಂದ ನಾಲಿಗೆಗೆ ಇಡುವಂತಿಲ್ಲ. ಉಳಿದರ್ಧಕ್ಕೆ ನೈಟ್ರಿಕ್ ಆಮ್ಲ ಹಾಕಿ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿಸುತ್ತೇನೆ. ತಕ್ಷಣ ಬಿಳಿ ಇಳಿಯುತ್ತದೆ. ಈಗಷ್ಟೇ ಹೊಡೆದುಹಾಕಿದ ಕ್ಲೋರೈಡ್ ಮರುಸಾಲಿನಲ್ಲಿ ಕಣಕ್ಕಿಳಿದಿರುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು, “ಹಂಗಾದ್ರ ಯಾವ ಅಯಾನೂ ಕಾಯಂ ಪ್ರೇಕ್ಷಕ ಅಲ್ಲೇನ್ರಿ ಸರ?” ಎಂದಳು. ಹೌದವ್ವಾ, ಅಲ್ಲ. ಪ್ರೇಕ್ಷಕ ಎಂಬುದು ಆ ಹೊತ್ತಿನ ಆ ಕ್ರಿಯೆಯ ಲೆಕ್ಕದಲ್ಲಿ ಮಾತ್ರ.

ಕಾರ್ಖಾನೆಯ ಪಾಠಕ್ಕೂ ಈಗ ಇನ್ನೊಂದು ಮಾತು ಸೇರಿಸುತ್ತೇನೆ. ಸುಣ್ಣ ಹಾಕಿದರೂ ಗಂಧಕದ ಅನಿಲ ಹಾಯಿಸಿದರೂ ರಸದೊಳಗಿನ ಪೊಟ್ಯಾಶಿಯಂ ಪ್ರಕ್ಷೇಪವಾಗುವುದಿಲ್ಲ. ಎಲ್ಲ ಸಮೀಕರಣಗಳಲ್ಲೂ ಹೊಡೆಸಿಕೊಳ್ಳುತ್ತ ಅದು ಕೊನೆಯವರೆಗೂ ರಸದಲ್ಲಿ ಉಳಿದು, ಸಕ್ಕರೆ ಹರಳುಗಟ್ಟಿ ಬೇರೆಯಾದ ಮೇಲೆ ಕಾಕಂಬಿಗೆ ಸೇರುತ್ತದೆ. ಅದು ಹೆಚ್ಚಿದ್ದಷ್ಟೂ ಕಾಕಂಬಿಯಲ್ಲೇ ಉಳಿದುಹೋಗುವ ಸಕ್ಕರೆ ಹೆಚ್ಚು. ಕಾರ್ಖಾನೆಯ ಕೆಮಿಸ್ಟನಿಗೆ ಇಳಿದದ್ದರಷ್ಟೇ ಇಳಿಯದೆ ಉಳಿದದ್ದೂ ಲೆಕ್ಕಕ್ಕೆ ಬೇಕು.

ನಿವ್ವಳ ಅಯಾನಿಕ ಸಮೀಕರಣವನ್ನು ನಾನು ಇಂದಿಗೂ ಪ್ರೀತಿಯಿಂದ ಕಲಿಸುತ್ತೇನೆ. ಗದ್ದಲದಲ್ಲಿ ನಿಜವಾಗಿ ಏನು ನಡೆಯಿತು ಎಂದು ಗುರುತಿಸುವ ಶಿಸ್ತು ಅದರಷ್ಟು ಚೊಕ್ಕವಾಗಿ ಇನ್ನಾವ ಪಾಠದಲ್ಲೂ ನನಗೆ ಸಿಕ್ಕಿಲ್ಲ. ಅದರ ಕೆಳಗೆ ಮಾತ್ರ ಮಕ್ಕಳಿಂದ ಇನ್ನೊಂದು ಸಾಲು ಬರೆಸುತ್ತೇನೆ: ಬೀಕರಿನಲ್ಲಿ ಉಳಿದದ್ದು ಯಾವುದು, ಎಷ್ಟು, ಅದು ಎಲ್ಲಿಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಆ ಸಾಲಿಗೆ ಅಂಕವಿಲ್ಲ, ಅದನ್ನು ಅವರಿಗೆ ಮೊದಲೇ ಹೇಳಿರುತ್ತೇನೆ. ಆ ಸಾಲಿನ ಬಲದಿಂದಲೇ ನಮ್ಮ ಲ್ಯಾಬಿನ ಲೆಡ್, ಬೇರಿಯಂ ತೊಳೆದ ನೀರು ಮೋರಿಗೆ ಹೋಗುವುದು ನಿಂತು ಬೇರೆ ಕ್ಯಾನಿಗೆ ಬೀಳುತ್ತದೆ. ಮಕ್ಕಳೇ ಅದಕ್ಕೆ ಸೋಡಿಯಂ ಸಲ್ಫೇಟ್ ಹಾಕಿ ಎರಡನ್ನೂ ಸಲ್ಫೇಟಾಗಿ ಇಳಿಸಿ, ಗಸಿಯನ್ನು ಬೇರೆ ತೆಗೆದು ಡಬ್ಬಿಯಲ್ಲಿ ಕೂಡಿಡುತ್ತಾರೆ. ಅವರಲ್ಲಿ ಕೆಲವರು ನಾಳೆ ಕಾರ್ಖಾನೆ ಸೇರುತ್ತಾರೆ, ಕೆಲವರು ಮಣ್ಣು ಪರೀಕ್ಷೆಯ ಲ್ಯಾಬು ಸೇರುತ್ತಾರೆ, ಬಹಳ ಮಂದಿ ಹೊಲಕ್ಕೇ ಮರಳುತ್ತಾರೆ. ಎಲ್ಲಿದ್ದರೂ ಆ ಎರಡನೆಯ ಸಾಲು ಅವರಿಗೆ ಬೇಕಾಗುತ್ತದೆ.